ಬಸ್ ನಿಲ್ದಾಣದಿಂದ ಕೈಗಾರಿಕಾ ಪ್ರದೇಶದವರೆಗೆ

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಬೆಳಿಗ್ಗೆ ಏಳರ ಹೊತ್ತಿಗೆ ಬಸ್ಸಿನಿಂದ ಇಳಿದರೆ ಎದುರಿಗೆ ಕಾಣುವುದು ಹೊಸ ನಿಲ್ದಾಣ. ಎತ್ತರದ ಛಾವಣಿ, ಹೊಳೆಯುವ ಗ್ರಾನೈಟ್ ನೆಲ, ಸಾಲಾಗಿ ಉಕ್ಕಿನ ಕುರ್ಚಿಗಳು. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ಕಂಡದ್ದನ್ನು ಈ ಊರೊಂದರ ತಲೆಗೇ ಕಟ್ಟುವುದು ಸರಿಯಾಗದು, ಸುತ್ತಲಿನ ಹಲವು ಊರುಗಳಲ್ಲೂ ಹೆಚ್ಚುಕಡಿಮೆ ಇದೇ ನೋಟವಿದೆ. ಉದ್ಯೋಗ, ಕೌಶಲ, ಮೂಲಸೌಕರ್ಯ ಎಂದು ಸರ್ಕಾರ ಹಾಕುವ ದುಡ್ಡು ಒಂದು ಸಣ್ಣ ಪಟ್ಟಣದ ನೆಲದ ಮೇಲೆ ಹೇಗೆ ಕಾಣುತ್ತದೆ ಎಂದು ಊರಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಬೇಕೆನಿಸಿ ಬಂದಿದ್ದೆ.

ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಕೂತೆ. ಹಳ್ಳಿಗಳಿಂದ ಬರುವ ಬಸ್ಸುಗಳಲ್ಲಿ ಹೆಂಗಸರು, ಕಾಲೇಜಿನ ಹುಡುಗಿಯರೇ ಹೆಚ್ಚು. ಇಳಿಯುವವರ ಕೈಯಲ್ಲಿ ಶೂನ್ಯ ದರದ ಟಿಕೆಟ್ ಇನ್ನೂ ಮಡಿಚಿಕೊಂಡೇ ಇರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಊಟದ ಡಬ್ಬಿ ಹಿಡಿದು ಇಳಿದ ನಾಲ್ಕೈದು ಮಂದಿ ಬೇಳೆ ಮಿಲ್ಲಿನ ಕಡೆಗೆ ಹೋಗುವವರು. ಮೊದಲು ಬಸ್ ಚಾರ್ಜಿಗೇ ಕೂಲಿಯ ಒಂದು ಪಾಲು ಹೋಗುತ್ತಿತ್ತು, ಈಗ ಅದು ಮನೆಗೆ ಉಳಿಯುತ್ತದೆ ಎಂದರು. ಉದ್ಯೋಗಕ್ಕಾಗಿ ಮಾಡಿದ ಖರ್ಚಿನ ಲೆಕ್ಕದಲ್ಲಿ ಈ ಟಿಕೆಟ್ಟನ್ನು ಯಾರೂ ಸೇರಿಸುವುದಿಲ್ಲ. ಆದರೆ ಆ ದಿನ ಕಂಡ ಸರ್ಕಾರಿ ಹಣದಲ್ಲಿ ಕೆಲಸದವರೆಗೆ ನೇರವಾಗಿ ತಲುಪಿದ್ದು ಮೊದಲು ಇದೇ ಎನಿಸಿತು.

ದ್ವಾರದ ಪಕ್ಕದ ಗೋಡೆಯಲ್ಲಿ ಕಪ್ಪು ಶಿಲಾಫಲಕ. ಅಂಥವು ಊರಿನ ತುಂಬ ಇವೆ: ಶಾಲಾ ಕೊಠಡಿ, ಸಮುದಾಯ ಭವನ, ಸಿಮೆಂಟ್ ರಸ್ತೆ, ಎಲ್ಲಕ್ಕೂ ಒಂದೊಂದು. ಈ ಭಾಗಕ್ಕೆ ಇಷ್ಟು ಕಾಮಗಾರಿಗಳು ಬಂದುದಕ್ಕೆ ಹಿನ್ನೆಲೆಯಿದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಬಂದ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಅದರಲ್ಲೂ ದೊಡ್ಡ ಪಾಲು ಈ ಸೀಮೆಯದು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂತು, ಸ್ಥಳೀಯರಿಗೆ ಸರ್ಕಾರಿ ನೌಕರಿಯಲ್ಲಿ, ಕಾಲೇಜು ಸೀಟುಗಳಲ್ಲಿ ಮೀಸಲಾತಿ ಸಿಕ್ಕಿತು. 2023-24ರ ಬಜೆಟ್ಟಿನಿಂದ ಈ ಪ್ರದೇಶದ ಅಭಿವೃದ್ಧಿಗೆಂದು ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಾ ಬಂದಿದೆ. ನೆಲದ ಮೇಲೆ ಇದು ಕಾಣುತ್ತದೆ, ಕಾಣುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಇಂಥ ಊರುಗಳಲ್ಲಿ ಮಳೆಗಾಲಕ್ಕೆ ಬಸ್ಸಿಳಿದರೆ ಕಪ್ಪು ಮಣ್ಣಿನ ರಾಡಿಯಲ್ಲಿ ಚಪ್ಪಲಿ ಹೂತುಹೋಗುತ್ತಿತ್ತು.

ನಿಲ್ದಾಣ ದಾಟಿ ನೂರು ಹೆಜ್ಜೆ ನಡೆದರೆ ವೃತ್ತ. ಅಲ್ಲಿ ಕೂಲಿಯವರ ಅಡ್ಡೆ. ಕರಣಿ, ಗುದ್ದಲಿ, ಬಣ್ಣದ ಡಬ್ಬ ಹಿಡಿದ ಗಂಡಸರು ಒಂದು ಕಡೆ. ಬುಟ್ಟಿ ಹಿಡಿದ ಹೆಂಗಸರು ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ. ಬೈಕಿನಲ್ಲಿ ಬಂದ ಮೇಸ್ತ್ರಿಗಳು ಇಬ್ಬರನ್ನು, ಮೂವರನ್ನು ಕರೆದುಕೊಂಡು ಹೋಗುತ್ತಾರೆ. ಎಂಟೂವರೆಯ ಮೇಲೆ ಉಳಿದವರಿಗೆ ಅಂದು ಕೆಲಸವಿಲ್ಲ. ಅವರ ನಡುವೆ ನಿಂತು ಮಾತಾಡಿಸಿದೆ.

ಕಟ್ಟಡ ಕಾಮಗಾರಿಗಳ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ವಸೂಲಾಗುತ್ತದೆ. ಅದು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಮೀಸಲಾದ ಹಣ. ಈಗಷ್ಟೇ ನೋಡಿ ಬಂದ ಬಸ್ ನಿಲ್ದಾಣದ ಲೆಕ್ಕದಲ್ಲೂ ಆ ಪಾಲು ಇರಬೇಕು. ಹೆಸರು ನೋಂದಾಯಿಸಿಕೊಂಡವರಿಗೆ ಮಕ್ಕಳ ಓದಿಗೆ, ಹೆರಿಗೆಗೆ, ಮುಪ್ಪಿಗೆ ನೆರವು ಸಿಗುತ್ತದೆ. ನೋಂದಣಿಗೆ ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆ 90 ದಿನವನ್ನು ಯಾರಾದರೂ ದೃಢೀಕರಿಸಿಕೊಡಬೇಕು. ಗಾರೆ ಕೆಲಸದ ಒಬ್ಬ ಹಿರಿಯರು ಹೇಳಿದ್ದು: “ವರ್ಷಕ್ಕ ನಲ್ವತ್ತ ಮಂದಿ ಕಡಿ ದುಡೀತೀನ್ರಿ. ಯಾರ ಕಡಿ ಹೋಗಿ ಬರಸ್ಕೊಂಡ್ ಬರ್ಲಿ?” ಅವರ ಪಕ್ಕದವನ ಬಳಿ ಕಾರ್ಡ್ ಇತ್ತು, ಅವನ ಮಗಳಿಗೆ ವಿದ್ಯಾರ್ಥಿವೇತನವೂ ಬಂದಿತ್ತು. ಒಂದೇ ಅಡ್ಡೆ, ಒಂದೇ ಕೆಲಸ. ಒಬ್ಬನಿಗೆ ಕಾರ್ಡ್ ಮಾಡಿಸಿಕೊಡುವ ಪರಿಚಯದವರು ಸಿಕ್ಕಿದ್ದರು, ಇನ್ನೊಬ್ಬರಿಗೆ ಸಿಕ್ಕಿರಲಿಲ್ಲ. ಬೇರೆ ಕಾರಣ ನನಗೆ ಕಾಣಲಿಲ್ಲ.

ಹೆಂಗಸರಲ್ಲಿ ಒಬ್ಬರು ಹೇಳಿದ್ದು ಇನ್ನೂ ತಲೆಯಲ್ಲಿದೆ. ಅವರ ಓಣಿ ಮೊದಲು ಪಕ್ಕದ ಹಳ್ಳಿಯಾಗಿತ್ತು. ಊರು ಬೆಳೆದು ಅದನ್ನು ಪಟ್ಟಣದ ಎಲ್ಲೆಯೊಳಗೆ ಸೇರಿಸಿದರು. “ಹಳ್ಳಿ ಇದ್ದಾಗ ಉದ್ಯೋಗ ಖಾತ್ರಿ ಕಾರ್ಡ್ ಇತ್ರಿ. ವಾರ್ಡ್ ಆದ ಮ್ಯಾಲ ಅದು ಹೋತು.” 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದದ್ದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಜನಸಂಖ್ಯೆ ಹೆಚ್ಚಿ ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾದರೆ, ಇಲ್ಲವೇ ಹಳ್ಳಿಯೊಂದು ಪುರಸಭೆಯೊಳಗೆ ಸೇರಿದರೆ, ಅಲ್ಲಿನ ಕೂಲಿಗಾರರ ಬದುಕೇನೂ ಒಂದು ದಿನದಲ್ಲಿ ನಗರದ ಬದುಕಾಗುವುದಿಲ್ಲ. ಹೊಲ ಅದೇ, ಮನೆ ಅದೇ, ಕೆಲಸವಿಲ್ಲದ ಬೇಸಿಗೆಯೂ ಅದೇ. ಕೇರಳ 2010ರಲ್ಲಿ, ರಾಜಸ್ಥಾನ 2022ರಲ್ಲಿ ನಗರದ ಬಡವರಿಗೂ ಇಂಥ ಯೋಜನೆ ತಂದವು. ನಮ್ಮ ಸಣ್ಣ ಪಟ್ಟಣಗಳಿಗೆ ಅದು ಯಾಕೆ ಬೇಡವಾಯಿತು ಎಂದು ನನಗೆ ಅರ್ಥವಾಗಿಲ್ಲ. ಬೇಸಿಗೆಯಲ್ಲಿ ಈ ಓಣಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆಯಂತೆ. ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರು ಎಂದು ಗುಳೆ ಹೋಗುತ್ತಾರೆ.

ವೃತ್ತದ ಆಚೆ ರಿಯಾಯಿತಿ ದರದ ಕ್ಯಾಂಟೀನ್. ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ಕೆಲಸ ಸಿಗದವರು ಇಲ್ಲಿ ತಿಂದು ಮನೆಗೆ ಹೋಗುತ್ತಾರೆ. ನಾನೂ ಉಪ್ಪಿಟ್ಟು ತಿಂದೆ, ಬಿಸಿಯಾಗಿತ್ತು.

ಅಲ್ಲಿಂದ ಮುಖ್ಯರಸ್ತೆ. ಸಿಮೆಂಟ್ ಹಾಕಿದ್ದಾರೆ, ಅಗಲವಾಗಿದೆ, ನಡುವೆ ದೀಪದ ಕಂಬಗಳು. ರಸ್ತೆಯ ಮೇಲೆ ಅಲ್ಲಲ್ಲಿ ಒಳಚರಂಡಿಯ ದುಂಡು ಮುಚ್ಚಳಗಳು ಕಾಣುತ್ತವೆ. ಪಕ್ಕದ ತೆರೆದ ಚರಂಡಿಯಲ್ಲಿ ಕಪ್ಪು ನೀರು ಹರಿಯುತ್ತಲೇ ಇದೆ. ಒಳಚರಂಡಿ ಇರುವಾಗ ಈ ನೀರು ಯಾಕೆ ಮೇಲೆ? ಔಷಧದ ಅಂಗಡಿಯೊಂದರಲ್ಲಿ ಕೇಳಿದೆ. ಕೊಳವೆ ಬಂದು ಬಹಳ ಕಾಲವಾಗಿದೆ, ಮನೆಯಿಂದ ಕೊಳವೆಗೆ ಸಂಪರ್ಕ ಕೊಡಿಸಿಕೊಂಡವರು ಕಡಿಮೆ ಎಂದರು. ಅಂಗಳ ಅಗೆಸಬೇಕು, ಕೊಳವೆ ತರಬೇಕು, ಹೊಸ ಸಿಮೆಂಟ್ ರಸ್ತೆಯ ಅಂಚು ಕತ್ತರಿಸಬೇಕು, ಅದಕ್ಕೆ ಅನುಮತಿ ಬೇಕು. ದೊಡ್ಡ ಕೊಳವೆಗೆ ಟೆಂಡರ್ ಆಗಿದೆ, ಕೊನೆಯ ಹತ್ತು ಅಡಿ ಮನೆಯವರ ಪಾಲಿಗೆ ಉಳಿದಿದೆ. ಪಕ್ಕದ ಓಣಿಯಲ್ಲಿ ಮಾತ್ರ ಚರಂಡಿ ಒಣಗಿತ್ತು. ಅಲ್ಲಿ ಎಲ್ಲರೂ ಕೂಡಿ ಒಂದೇ ಪ್ಲಂಬರನನ್ನು ಹಿಡಿದು ಒಂದೇ ವಾರದಲ್ಲಿ ಜೋಡಿಸಿಕೊಂಡರಂತೆ. ಒಳಚರಂಡಿ ಇರುವ ಊರಿಗೆ ದಿನಕ್ಕೆ ತಲಾ 135 ಲೀಟರ್, ಇಲ್ಲದ ಊರಿಗೆ 70 ಲೀಟರ್ ನೀರು ಎಂಬುದು ದೇಶದಲ್ಲಿ ಯೋಜನೆ ಮಾಡುವಾಗ ಹಿಡಿಯುತ್ತ ಬಂದ ಲೆಕ್ಕ. ನೀರು ಸಾಕಷ್ಟು ಬಾರದಿದ್ದರೆ ಕೊಳವೆಯಲ್ಲಿ ಕೊಳೆ ಹರಿಯದೆ ಕಟ್ಟಿಕೊಳ್ಳುತ್ತದೆ. ಈ ಊರಿನಲ್ಲಿ ನಳ ಯಾವಾಗ ಬರುತ್ತದೆ ಎಂದು ಮೂವರನ್ನು ಕೇಳಿದಾಗ ಮೂರು ಉತ್ತರ ಸಿಕ್ಕವು, ಓಣಿಗೊಂದು ಪಾಳಿ ಇದ್ದಂತಿದೆ.

ರಸ್ತೆ ಅಗಲ ಮಾಡುವಾಗ ಎದ್ದುಹೋದ ತರಕಾರಿಯವರು ಈಗ ಶಾಲೆಯ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಕೂತಿದ್ದಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಅವರ ಸಮೀಕ್ಷೆ ನಡೆಯಬೇಕು, ವ್ಯಾಪಾರಕ್ಕೆ ಜಾಗ ಗುರುತಿಸಬೇಕು. ಗುರುತಿನ ಚೀಟಿ ಕೆಲವರ ಬಳಿ ಇತ್ತು; ಹತ್ತು ಸಾವಿರ ರೂಪಾಯಿ ಸಾಲವನ್ನೂ ಪಡೆದು ತೀರಿಸಿದ್ದಾರೆ. ಜಾಗದ ಮಾತು ಬಂದಾಗ ಕೈ ಆಡಿಸಿದರು.

ಪೂರ್ವಕ್ಕೆ ತಿರುಗಿ ಅರ್ಧ ಮೈಲಿ ನಡೆದರೆ ಸರ್ಕಾರಿ ಐಟಿಐ. ಅನುಮತಿ ಕೇಳಿ ಒಳಗೆ ಹೋದೆ. ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲಿ.

ಹಳೆಯ ಶೆಡ್ಡು ಮೊದಲು ಸಿಗುತ್ತದೆ. ಫಿಟ್ಟರ್ ಮೊದಲ ವರ್ಷದ ಹುಡುಗರು ಬೆಂಚ್ ವೈಸಿಗೆ ಕಬ್ಬಿಣದ ತುಂಡು ಕಚ್ಚಿಸಿ ಅರ ಹಾಕುತ್ತಿದ್ದರು. ತುಂಡಿನ ಮುಖ ಸಮವಾಗಬೇಕು, ಪಕ್ಕದ ಮುಖಕ್ಕೆ ನೇರ ಲಂಬವಾಗಬೇಕು. ಮೂಲೆಮಟ್ಟ ಹಚ್ಚಿ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ತೂರಬಾರದು. ಒಬ್ಬ ಹುಡುಗ ಹಿಡಿದು ನೋಡಿದ, ತಲೆ ಅಲ್ಲಾಡಿಸಿ ಮತ್ತೆ ವೈಸಿಗೆ ಹಾಕಿದ. ವಾರಗಟ್ಟಲೆ ಇದೇ ಕೆಲಸ. ಹೊರಗಿನವರಿಗೆ ಇದು ಕಾಲಹರಣದಂತೆ ಕಾಣಬಹುದು. ಆದರೆ ವರ್ನಿಯರ್ ಕ್ಯಾಲಿಪರಿನಲ್ಲಿ 0.02 ಮಿಲಿಮೀಟರ್ ಓದುವ ಕಣ್ಣು ಹುಟ್ಟುವುದೇ ಈ ಅರದ ಕೆಳಗೆ. ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಅಂದಿನಿಂದ ಫಿಟ್ಟರ್ ಎಂದರೆ ಮೊದಲ ಪಾಠ ಹೀಗೆಯೇ.

ಹೊಸ ಕಟ್ಟಡ ಹಿಂದಿದೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಮಾರು 4,600 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೆ ಏರಿಸಿದರು. ಅದರಲ್ಲಿ ದೊಡ್ಡ ಪಾಲನ್ನು ಹಾಕಿದ್ದು ಉದ್ಯಮ ಪಾಲುದಾರರು. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಗಾಜಿನ ಬಾಗಿಲ ಹಿಂದೆ ಸಿಎನ್‌ಸಿ ಯಂತ್ರ, ಒಂದು ರೋಬೊ ಕೈ, ತ್ರೀಡಿ ಪ್ರಿಂಟರ್, ವಿದ್ಯುತ್ ವಾಹನ ಕಲಿಸುವ ಮಾದರಿ. ಹುಡುಗಿಯೊಬ್ಬಳು ಕಂಪ್ಯೂಟರ್ ಪರದೆಯಲ್ಲಿ ಬಿಡಿಭಾಗವೊಂದರ ಚಿತ್ರ ತಿರುಗಿಸುತ್ತಿದ್ದಳು. ಅವಳ ತಂದೆ ಹಮಾಲಿ. ರೋಬೊ ಕೈಗೆ ಆಜ್ಞೆ ಬರೆಯುವುದನ್ನು ತೋರಿಸಿದಳು. ಅದು ಒಂದು ಪೆಟ್ಟಿಗೆಯನ್ನು ಎತ್ತಿ ಇನ್ನೊಂದು ಕಡೆ ಇಟ್ಟಿತು. ಅವಳ ಮುಖ ನೋಡಿದರೆ ಖರ್ಚಾದ ಹಣದ ಬಗ್ಗೆ ದೂರಲು ಬಾಯಿ ಬರುವುದಿಲ್ಲ. ತಾಲ್ಲೂಕು ಕೇಂದ್ರದ ಹಮಾಲಿಯ ಮಗಳಿಗೆ ಇಂಥ ಯಂತ್ರ ಮುಟ್ಟಲು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಎರಡು ವಿಷಯ ಮಾತ್ರ ಮನಸ್ಸಿಗೆ ತಾಗಿದವು. ಮೊದಲನೆಯದು, ಕಲಿಸುವವರು. ಅಲ್ಲಿದ್ದ ಬೋಧಕರಲ್ಲಿ ಕಾಯಂ ಇದ್ದವರು ಕಡಿಮೆ, ಅತಿಥಿ ಬೋಧಕರೇ ಹೆಚ್ಚು. ಅತಿಥಿ ಬೋಧಕರಿಗೆ ಮುಂದಿನ ವರ್ಷ ತಾವು ಇಲ್ಲೇ ಇರುತ್ತೇವೆಯೇ ಎಂಬುದು ಗೊತ್ತಿಲ್ಲ. ಯಂತ್ರದ ಜೊತೆಗೆ ತರಬೇತಿ ಪಡೆದು ಬಂದವರೊಬ್ಬರು ಆಗಲೇ ಬೇರೆ ಕೆಲಸ ಹಿಡಿದು ಹೋಗಿದ್ದರು. ಎರಡನೆಯದು, ಮುಂದೇನು ಎಂಬ ಪ್ರಶ್ನೆ. ಎರಡನೇ ವರ್ಷದ ಎಲೆಕ್ಟ್ರೀಷಿಯನ್ ಹುಡುಗರನ್ನು ಕೇಳಿದೆ. ಹೊಸೂರು, ಪುಣೆ, ಬೆಂಗಳೂರಿನ ಹೆಸರು ಹೇಳಿದರು. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಆ ಕಡೆಯವು. ಇದೇ ಊರಿನ ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದೀರಾ ಎಂದೆ. ಒಬ್ಬ ಹೋಗಿದ್ದ, ಮಾವನ ಟ್ರ್ಯಾಕ್ಟರಿನಲ್ಲಿ ತೊಗರಿ ಹಾಕಿಸಲು. ಹುಡುಗಿಯರು ಪುಣೆಗೆ ಮನೆಯವರು ಕಳಿಸುವುದಿಲ್ಲ ಎಂದರು. ರೋಬೊ ಕೈ ತೋರಿಸಿದವಳೂ ಅವರಲ್ಲೊಬ್ಬಳು.

ಹಾಗಾದರೆ ಕೈಗಾರಿಕಾ ಪ್ರದೇಶ ಎಷ್ಟು ದೂರ? ಹೆದ್ದಾರಿಯಲ್ಲಿ ಐದು ಕಿಲೋಮೀಟರ್ ಎಂದರು. ಆಟೊ ಕ್ರಾಸಿನವರೆಗೆ ಮಾತ್ರ, ಅದೂ ತುಂಬಿದ ಮೇಲೆ. ನಡೆದೇ ಹೊರಟೆ. ರಸ್ತೆ ಒಳ್ಳೆಯದಿದೆ, ನಾಲ್ಕು ಪಥ. ನಡೆಯುವವರಿಗೆ ಅಂಚು ಮಾತ್ರ. ಮಧ್ಯಾಹ್ನದ ಬಿಸಿಲಿಗೆ ಒಂದು ಬೇವಿನ ಮರವೂ ಉಳಿದಿಲ್ಲ. ರಸ್ತೆ ಅಗಲವಾದಾಗ ಕಡಿದಿರಬೇಕು. ಎರಡೂ ಬದಿ ತೊಗರಿ ಹೊಲ, ನಡುನಡುವೆ ಸೈಟುಗಳ ಕಲ್ಲು ನೆಟ್ಟ ಲೇಔಟ್.

ಕಮಾನು ದೊಡ್ಡದು. ಒಳಗೆ ಟಾರ್ ರಸ್ತೆ, ಕಂಬ, ನೀರಿನ ಎತ್ತರದ ಟ್ಯಾಂಕು, ಸಂಖ್ಯೆ ಬರೆದ ಪ್ಲಾಟುಗಳು. ಕಾಲು ಭಾಗದಲ್ಲಿ ಕಟ್ಟಡಗಳಿವೆ ಎಂದು ಕಣ್ಣಂದಾಜು. ಉಳಿದ ಕಡೆ ಜಾಲಿ ಬೆಳೆದಿದೆ. ಕೆಲವು ಪ್ಲಾಟುಗಳಿಗೆ ಕಾಂಪೌಂಡ್ ಕಟ್ಟಿ ಗೇಟಿಗೆ ಬೀಗ ಹಾಕಿದ್ದಾರೆ, ಒಳಗೆ ಏನೂ ಇಲ್ಲ. ಮಂಜೂರಾದವರು ಬಂಡವಾಳಕ್ಕೆ ಕಾಯುತ್ತಿದ್ದಾರೋ, ಬೆಲೆ ಏರಲೆಂದು ಕಾಯುತ್ತಿದ್ದಾರೋ, ಹೊರಗೆ ನಿಂತು ಹೇಳಲಾಗದು. ಕಾವಲುಗಾರರೊಬ್ಬರು ಇದೇ ಜಮೀನಿನ ಹಳೆಯ ಮಾಲೀಕರು. ಎಕರೆಗಟ್ಟಲೆ ಕೊಟ್ಟು ಪರಿಹಾರ ಪಡೆದವರು, ಅದರಲ್ಲಿ ಮನೆ ಕಟ್ಟಿ ಮಗಳ ಮದುವೆ ಮಾಡಿದವರು. ಈಗ ತಮ್ಮದಾಗಿದ್ದ ಹೊಲದ ಗೇಟಿಗೇ ರಾತ್ರಿ ಕಾವಲು. ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ ಎಂದು ಜಮೀನು ಹೋಗುವಾಗ ಹೇಳಿದ್ದರಂತೆ. ಆ ಪ್ಲಾಟಿನಲ್ಲಿ ಕಾರ್ಖಾನೆ ಬಂದಿಲ್ಲ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಓಡುತ್ತಿರುವವು ಬೇಳೆ ಮಿಲ್ಲುಗಳು. ಅವು ಇಲ್ಲಿರುವುದಕ್ಕೆ ಯಾರ ಪ್ರೋತ್ಸಾಹವೂ ಬೇಕಿಲ್ಲ, ಸುತ್ತಲೂ ತೊಗರಿ ಇದೆ. ಈ ಸೀಮೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯೂ ದೊರೆತಿದೆ. ಒಂದು ಮಿಲ್ಲಿನವರು ಒಳಗೆ ಬಿಟ್ಟರು. ಕಾಳನ್ನು ಮೊದಲು ಸೋಸುತ್ತಾರೆ, ಒರಟು ಉರುಳೆಯಲ್ಲಿ ಉಜ್ಜಿ ಸಿಪ್ಪೆಗೆ ಗೀರು ಬೀಳಿಸುತ್ತಾರೆ, ಎಣ್ಣೆ ಹಚ್ಚಿ ಅಂಗಳದಲ್ಲಿ ಬಿಸಿಲಿಗೆ ಹರಡುತ್ತಾರೆ, ನೀರು ಚಿಮುಕಿಸಿ ರಾಶಿ ಹಾಕುತ್ತಾರೆ, ಮತ್ತೆ ಉರುಳೆಗೆ ಹಾಕಿ ಸಿಪ್ಪೆ ಬಿಡಿಸಿ ಒಡೆಯುತ್ತಾರೆ. ಅಂಗಳ ಪೂರ್ತಿ ಚಿನ್ನದ ಬಣ್ಣ. ಬೆಳಿಗ್ಗೆ ಬಸ್ಸಿನಿಂದ ಇಳಿದ ಹೆಂಗಸರಲ್ಲಿ ಇಬ್ಬರು ಅಲ್ಲಿ ಕಾಲಿನಿಂದ ಕಾಳು ಹೊರಳಿಸುತ್ತಿದ್ದರು.

ಕೊನೆಯಲ್ಲಿ ಹೊಸ ಯಂತ್ರ: ಕ್ಯಾಮೆರಾದಲ್ಲಿ ಬಣ್ಣ ನೋಡಿ ಕೆಟ್ಟ ಕಾಳನ್ನು ಗಾಳಿಯ ಪುಟ್ಟ ಹೊಡೆತದಿಂದ ಆಚೆ ಚಿಮ್ಮುವಂಥದು. ಅದು ಆ ದಿನ ನಿಂತಿತ್ತು. ನಿಯಂತ್ರಣ ಫಲಕದಲ್ಲಿ ಏನೋ ದೋಷ, ಹೈದರಾಬಾದಿನಿಂದ ಮೆಕ್ಯಾನಿಕ್ ಬರಬೇಕು, ಬರುವವರೆಗೆ ಕಾಯಬೇಕು ಎಂದು ಮಿಲ್ಲಿನವರು ಬೇಸರದಿಂದ ಹೇಳಿದರು. ಐದು ಕಿಲೋಮೀಟರ್ ಹಿಂದೆ, ಗಾಜಿನ ಬಾಗಿಲ ಆಚೆ, ಅಂಥದೇ ಫಲಕಗಳನ್ನು ಬಿಚ್ಚಿ ಜೋಡಿಸಲು ಕಲಿಯುತ್ತಿದ್ದ ಹುಡುಗರನ್ನು ನಾನು ನೋಡಿ ಬಂದಿದ್ದೆ. ಅವರು ಈ ಯಂತ್ರವನ್ನು ಸರಿ ಮಾಡಬಲ್ಲರೇ ಎಂದು ಹೇಳುವಷ್ಟು ಯಂತ್ರಜ್ಞಾನ ನನಗಿಲ್ಲ. ಮೆಕ್ಯಾನಿಕ್ಕಿನ ಪಕ್ಕ ನಿಂತು ನೋಡಿದ್ದರೂ ಸಾಕಿತ್ತು, ಮುಂದಿನ ಸಲ ಕೈ ಹಾಕುತ್ತಿದ್ದರು. ಐಟಿಐನಿಂದ ಯಾರನ್ನಾದರೂ ಅಪ್ರೆಂಟಿಸ್ ತೆಗೆದುಕೊಂಡಿದ್ದೀರಾ ಎಂದೆ. ಅಂಥದೊಂದಿದೆ ಎಂದು ಕೇಳಿದ್ದೇನೆ, ಯಾರೂ ಬಂದು ಹೇಳಿಲ್ಲ ಎಂದರು.

ಅಪ್ರೆಂಟಿಸ್ ಕಾಯ್ದೆ 1961ರದು. ಈಗಿನ ನಿಯಮದಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿದ್ದರೆ ಅವರವರ ಇಷ್ಟ. ಈ ಮಿಲ್ಲಿನಲ್ಲಿ ಇದ್ದವರು ಮೂವತ್ತಕ್ಕಿಂತ ಕಡಿಮೆ. ನಾನು ಗೇಟಿನ ಹೊರಗಿನಿಂದ ನೋಡಿದ ಉಳಿದ ಮಿಲ್ಲುಗಳೂ ಅಷ್ಟೇ ಗಾತ್ರದವು. ಅಂದರೆ ಕಾನೂನಿನ ಕಡ್ಡಾಯ ಇಂಥ ಊರಿನ ಹೊರಗೇ ನಿಲ್ಲುತ್ತದೆ, ಹುಡುಗರು ಆ ಕಡ್ಡಾಯವನ್ನು ಹುಡುಕಿಕೊಂಡು ಪುಣೆಗೆ ಹೋಗುತ್ತಾರೆ. ಸಣ್ಣ ಮಿಲ್ಲಿನವರೂ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು, ಭತ್ಯದ ಒಂದು ಪಾಲನ್ನು ಸರ್ಕಾರ ಕೊಡುತ್ತದೆ. ಆದರೆ ಅರ್ಜಿ ಆನ್‌ಲೈನ್. ಮಿಲ್ಲಿನವರಿಗೆ ಅದನ್ನು ತುಂಬಿಸಿಕೊಡಲು, ಹುಡುಗನನ್ನು ಕರೆತಂದು ಪರಿಚಯಿಸಲು, ಎರಡು ತಿಂಗಳ ಮೇಲೆ ಬಂದು ಹೇಗಿದ್ದಾನೆ ಎಂದು ನೋಡಲು ಒಬ್ಬ ಮನುಷ್ಯ ಬೇಕು. ಊರಿಗೆ ಕಟ್ಟಡ ಬಂದಿದೆ, ಯಂತ್ರ ಬಂದಿದೆ, ರಸ್ತೆ ಬಂದಿದೆ. ಆ ಒಬ್ಬ ಮನುಷ್ಯನ ಸಂಬಳ ಯಾವ ಶಿಲಾಫಲಕದ ಕೆಳಗೂ ಬರುವಂಥದ್ದಲ್ಲ. ಬೆಳಿಗ್ಗೆಯಿಂದ ನಡೆದು ನೋಡಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಕೊರತೆ. ಅಡ್ಡೆಯ ಗಾರೆಯವರಿಗೆ ಬೇಕಿದ್ದುದೂ ಅವರ ತೊಂಬತ್ತು ದಿನಗಳನ್ನು ಕಣ್ಣಾರೆ ಕಂಡು ಬರೆದುಕೊಡುವ ಒಬ್ಬ ಮನುಷ್ಯನೇ.

ಕೊನೆಯ ಸಾಲಿನಲ್ಲಿ ಹೊಲಿಗೆ ಘಟಕ. ಯಂತ್ರಗಳು ಸಾಲಾಗಿವೆ, ಅರ್ಧ ಖಾಲಿ. ತರಬೇತಿ ಪಡೆದವರು ಬೇಕಾದಷ್ಟು ಮಂದಿ ಇದ್ದಾರೆ, ಕೆಲಸಕ್ಕೆ ಉಳಿಯುವವರು ಕಡಿಮೆ ಎಂದು ಮೇಲ್ವಿಚಾರಕಿ ಹೇಳಿದರು. ಯಾಕೆ ಎಂದು ಕೇಳಿದಾಗ ಎರಡು ಕಾರಣ: ಚಿಕ್ಕ ಮಕ್ಕಳನ್ನು ಬಿಡಲು ಜಾಗವಿಲ್ಲ, ಸಂಜೆ ಮನೆಗೆ ಹೋಗುವುದು ತಡವಾಗುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯ ಮಾಡಿದ್ದುದೂ 30ಕ್ಕಿಂತ ಹೆಚ್ಚು ಮಹಿಳೆಯರಿದ್ದ ಕಾರ್ಖಾನೆಗೆ. ಇಲ್ಲಿ ಮಕ್ಕಳನ್ನು ಬಿಡಲು ಜಾಗವಿಲ್ಲವೆಂದು ಹೆಂಗಸರು ಅಷ್ಟು ಮಂದಿ ಆಗುತ್ತಿರಲಿಲ್ಲ, ಅಷ್ಟು ಮಂದಿ ಇಲ್ಲವೆಂದು ಕೊಠಡಿ ಬರುತ್ತಿರಲಿಲ್ಲ. ಇಡೀ ಪ್ರದೇಶಕ್ಕೆ ಸೇರಿ ಒಂದು ಕೊಠಡಿ ಇಟ್ಟರೆ ಆದೀತು. ಕಮಾನಿನ ಪಕ್ಕದಲ್ಲೇ ಬಾಗಿಲು ಮುಚ್ಚಿದ ಸಾಮಾನ್ಯ ಸೌಲಭ್ಯದ ಕಟ್ಟಡವೊಂದಿದೆ, ಕಿಟಕಿಯಿಂದ ನೋಡಿದರೆ ಖಾಲಿ.

ಸಂಜೆ ಐದೂವರೆಗೆ ಹೊರಗೆ ಬಂದೆ. ಕಮಾನಿನ ಮುಂದೆಯೇ ಊರಿನ ಕಡೆಗೆ ಸರ್ಕಾರಿ ಬಸ್ಸೊಂದು ಹಾದುಹೋಯಿತು, ಕೈ ಮಾಡಿದರೂ ನಿಲ್ಲಲಿಲ್ಲ. ಮಿಲ್ಲಿನ ಹೆಂಗಸರು ನಕ್ಕು, ಇಲ್ಲಿ ನಿಲ್ಲುವುದಿಲ್ಲ, ಕ್ರಾಸಿನವರೆಗೆ ನಡೆಯಬೇಕು ಎಂದರು. ಅವರ ಜೊತೆ ಒಂದೂವರೆ ಕಿಲೋಮೀಟರ್ ನಡೆದು ಕ್ರಾಸಿನಲ್ಲಿ ಮುಂದಿನ ಬಸ್ ಹತ್ತಿದೆ. ಕಂಡಕ್ಟರರನ್ನು ಕೇಳಿದೆ. ಅವರು ಸಮಾಧಾನದಿಂದ ವಿವರಿಸಿದರು. ಆ ಗೇಟು ನಿಲುಗಡೆಯ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇಲ್ಲದ ಕಡೆ ನಿಲ್ಲಿಸಿ ಏನಾದರೂ ಆದರೆ ತಮ್ಮ ಮೇಲೆ ಬರುತ್ತದೆ. ಕೋರಿಕೆ ನಿಲುಗಡೆ ಮಾಡಿಸಿಕೊಳ್ಳಬಹುದು, ಕಷ್ಟವೇನಲ್ಲ. ಡಿಪೊಗೆ ಒಂದು ಅರ್ಜಿ ಕೊಡಬೇಕು, ದಿನಕ್ಕೆ ಎಷ್ಟು ಜನ ಹತ್ತಿ ಇಳಿಯುತ್ತಾರೆ ಎಂದು ಬರೆಯಬೇಕು. ಇದುವರೆಗೆ ಯಾರಾದರೂ ಕೊಟ್ಟಿದ್ದಾರೆಯೇ ಎಂದೆ. “ನಾ ಈ ರೂಟಿಗೆ ಬಂದ ಮ್ಯಾಲ ಯಾರೂ ಕೊಟ್ಟಿಲ್ರಿ” ಎಂದರು. ಹಿಂದಿನ ಸೀಟಿನಲ್ಲಿದ್ದ ಮಿಲ್ಲಿನ ಹೆಂಗಸರೊಬ್ಬರು ಮುಂದಕ್ಕೆ ಬಾಗಿ, ಅರ್ಜಿ ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ, ಎಷ್ಟು ಜನರ ಸಹಿ ಬೇಕು ಎಂದು ಅವರನ್ನು ಕೇಳತೊಡಗಿದರು.